ಶೋಭಾಳ ಗಣಿತ ಪತ್ರಿಕೆ, ನನ್ನ ಕೈಬರಹ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಎಂಬತ್ತಾರರ ಏಪ್ರಿಲ್‌ನಲ್ಲಿ ನಾಗಪುರಕ್ಕೆ ಹೋಗಿ ಒಂದು ಗಣಿತ ಪರೀಕ್ಷೆಯನ್ನು ಕೆಡಿಸುವುದರಲ್ಲಿದ್ದವನು ನಾನೇ. ಪರೀಕ್ಷೆ ನನ್ನದಲ್ಲ. ನನ್ನವನ್ನೆಲ್ಲ ಹುಬ್ಬಳ್ಳಿಯಲ್ಲೇ ಸಾಲಾಗಿ ಕೆಡಿಸಿಕೊಂಡು, ಅಪ್ಪನ ಮುಖ ತಪ್ಪಿಸಲು ಅಕ್ಕನ ಊರಿಗೆ ಹೊರಟಿದ್ದೆ.

ಹೈದರಾಬಾದಿನವರೆಗೆ ಬಸ್ಸು, ಸಿಕಂದರಾಬಾದಿನಿಂದ ರೈಲು. ಸೀಟು ಸಿಗದೆ ಯಾರದೋ ಟ್ರಂಕಿನ ಮೇಲೆ ಕೂತು, ಹೊತ್ತು ಹೋಗಲೆಂದು ಚಹಾ ಮಾರುವವನ ಕೂಗನ್ನು ಅವನಿಗಿಂತ ಚೆನ್ನಾಗಿ ಕೂಗಿದೆ. ಇಬ್ಬರು ನನ್ನತ್ತ ಚಿಲ್ಲರೆ ಚಾಚಿದರು. ಬಲ್ಹಾರ್‌ಷಾದಲ್ಲಿ ಬಿಸಿ ವಡೆ ತಿಂದೆ. ನಾಗಪುರದಲ್ಲಿ ಇಳಿದಾಗ ಬೆಳಿಗ್ಗೆ ಹತ್ತಕ್ಕೇ ಗಾಳಿ ಒಲೆಯ ಬಾಯಿಂದ ಬಂದಂತಿತ್ತು. ಸೈಕಲ್ ರಿಕ್ಷಾದವನು ಐದು ರೂಪಾಯಿ ಕೇಳಿ ಮೂರಕ್ಕೆ ಒಪ್ಪಿದ. ತಲೆಗೆ ಬಟ್ಟೆ ಸುತ್ತಿಕೊಳ್ಳಬೇಕೆಂಬ ಸಲಹೆಯನ್ನು ಪುಕ್ಕಟೆ ಕೊಟ್ಟ.

ಭಾವ ವಾಯುಸೇನೆಯಲ್ಲಿ ಸಾರ್ಜೆಂಟ್. ಅಕ್ಕ ತನ್ನ ಇಬ್ಬರು ಗೆಳತಿಯರೊಡನೆ ಕ್ಯಾನ್ಸರ್ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಹೋಗಿ ಪಾಠ ಹೇಳುತ್ತಿದ್ದಳು. ತಿಂಗಳುಗಟ್ಟಲೆ ಚಿಕಿತ್ಸೆಯಲ್ಲಿರುವ ಮಕ್ಕಳು ಶಾಲೆಗೆ ಮರಳಿದಾಗ ಹಿಂದೆ ಬೀಳಬಾರದಲ್ಲ. ಮರುದಿನ ನನ್ನನ್ನೂ ಕರೆದೊಯ್ದಳು. ಮಂಚಗಳ ನಡುವೆ ನಿಂತು ನಾನು ಸಿಸ್ಟರ್‌ಗಳ ನಡಿಗೆ, ಭಾವನ ಗೊರಕೆ, ಕೆಟ್ಟ ಕೂಲರಿನ ಸದ್ದು ಎಲ್ಲವನ್ನೂ ಮಾಡಿ ತೋರಿಸಿದೆ. ಮಕ್ಕಳು ನಕ್ಕರು. ತಲೆಗೆ ಸ್ಕಾರ್ಫ್ ಕಟ್ಟಿದ್ದ ಒಬ್ಬ ಹುಡುಗಿ ಮಾತ್ರ ಪುಸ್ತಕದಿಂದ ಕಣ್ಣೆತ್ತಲಿಲ್ಲ.

"ಮಾಮಾ, ಆ ಕೂಲರ್ ಬಂದ್ ಮಾಡ್ರಿ. ನಾಡದು ಗಣಿತ ಪರೀಕ್ಷಾ ಐತಿ," ಎಂದಳು.

ಅವಳೇ ಶೋಭಾ. ಬೆಳಗಾವಿ ಕಡೆಯವಳು, ತಂದೆ ಹತ್ತಿರದ ಕಾಮಠಿಯ ಸೇನಾ ಠಾಣ್ಯದಲ್ಲಿ ಹವಾಲ್ದಾರ್. ರಕ್ತದ ಕ್ಯಾನ್ಸರಿಗೆ ಆಗಲೇ ಒಂದು ವರ್ಷ ಶಾಲೆ ತಪ್ಪಿತ್ತು. ಈ ಸಲವೂ ಪರೀಕ್ಷೆ ತಪ್ಪಿದರೆ ಆರನೆಯ ತರಗತಿಯಲ್ಲೇ ಮತ್ತೆ ಕೂರಬೇಕು. ಉಳಿದ ಪತ್ರಿಕೆಗಳನ್ನು ವಾರ್ಡಿನಲ್ಲೇ ಬರೆದು ಮುಗಿಸಿದ್ದಳು. ಅಷ್ಟರಲ್ಲಿ ಔಷಧಿ ಏರಿಸುವ ಸೂಜಿಯಿಂದ ಬಲಗೈ ಊದಿಕೊಂಡಿತು. ಅವಳು ಹೇಳಿದ್ದನ್ನು ಬರೆಯಲು ಒಬ್ಬರು ಬೇಕು, ಅವರಿಗೆ ಹಿಂದಿ ಬರೆಯಲು ಬರಬೇಕು, ಗಣಿತ ಮಾತ್ರ ಬರಕೂಡದು ಎಂದು ಅವಳ ಹಿಂದಿ ಶಾಲೆಯ ಹೆಡ್‌ಮಾಸ್ತರರ ಷರತ್ತು. ಅಕ್ಕ ನನ್ನನ್ನು ಅವರ ಮುಂದೆ ನಿಲ್ಲಿಸಿದಳು.

"ಗಣಿತ ಎಷ್ಟು ಬರುತ್ತದೆ?" ಎಂದು ಹಿಂದಿಯಲ್ಲಿ ಕೇಳಿದರು.

"ಎಸ್ಸೆಸ್ಸೆಲ್ಸಿಯಲ್ಲಿ ಮೂರು ಸಲ ನಪಾಸು, ಸರ್."

"ಬಹುತ್ ಅಚ್ಛಾ!" ಎಂದರು. ಆ ವಿಷಯಕ್ಕೆ ನನ್ನನ್ನು ಅದುವರೆಗೆ ಯಾರೂ ಹೊಗಳಿರಲಿಲ್ಲ.

ಪರೀಕ್ಷೆಯ ದಿನ ಶಾಲೆಯ ಶಿಕ್ಷಕಿಯೊಬ್ಬರು ಮೇಲ್ವಿಚಾರಣೆಗೆ ಬಂದು ಕಿಟಕಿಯ ಬಳಿ ಕೂತರು. ಶೋಭಾ ಕಣ್ಣು ಮುಚ್ಚಿ ಹೇಳುತ್ತಿದ್ದಳು, ನಡುನಡುವೆ ನೀರು ಕುಡಿಯುತ್ತಿದ್ದಳು. ಒಂದು ಭಿನ್ನರಾಶಿಯ ಲೆಕ್ಕ ಬಂತು: ಎರಡರಲ್ಲಿ ಒಂದು, ಮೂರರಲ್ಲಿ ಒಂದು, ಎರಡನ್ನೂ ಕೂಡಿಸಬೇಕು. "ಆರರಲ್ಲಿ ಐದು," ಎಂದಳು. ಪಾಪ, ಔಷಧಿಗೆ ಹುಡುಗಿಯ ತಲೆ ಮಂಕಾಗಿದೆ ಎನಿಸಿತು ನನಗೆ. ಮೇಲಿನವೆರಡು ಕೂಡಿದರೆ ಎರಡು, ಕೆಳಗಿನವೆರಡು ಕೂಡಿದರೆ ಐದು, ಇಷ್ಟೂ ತಿಳಿಯದೆ? ಸದ್ದಿಲ್ಲದೆ ಐದರಲ್ಲಿ ಎರಡು ಎಂದು ಬರೆದು, ಪುಣ್ಯ ಕಟ್ಟಿಕೊಂಡವನಂತೆ ಕೂತೆ.

ಅವಳು ಕಣ್ಣು ತೆರೆದಳು. "ತೋರಸ್ರಿ." ನೋಡಿದಳು.

"ನಾ ಹೇಳಿದ್ದೇನು, ನೀವು ಬರದದ್ದೇನು? ಇನ್ನೊಂದು ವರ್ಷ ನಾ ಇದ ಕ್ಲಾಸಿನ್ಯಾಗ ಕೂಡ್ಲೇನು? ಊರ ಮಂದಿ ದನಿ ಎಲ್ಲಾ ತಗೀತೀರಿ ಮಾಮಾ, ಇವತ್ತೊಂದಿನ ನನ್ನ ದನಿ ತಗೀರಿ ಸಾಕು."

ನಾನು ಶಿಕ್ಷಕಿಯ ಬಳಿ ಹೋಗಿ, ಅವಳು ಹೇಳಿದ್ದೊಂದು, ಕರುಣೆಯಿಂದ ನಾನು ತಿದ್ದಿದ್ದೊಂದು ಎಂದು ಒಪ್ಪಿಕೊಂಡೆ. ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಅವಳು ಹೇಳಿದ್ದು ನನಗೂ ಕೇಳಿಸಿದೆ. ಮೊದಲಿನಿಂದ ಎಲ್ಲ ಓದಿ," ಎಂದರು. ಓದಿದೆ. ಇನ್ನೂ ಎರಡು ಕಡೆ ನನ್ನ ಉಪಕಾರ ಸಿಕ್ಕಿಬಿತ್ತು. ಮೂರನ್ನೂ ಹೊಡೆದುಹಾಕಿ, ಅವಳು ಹೇಳಿದ್ದನ್ನೇ ಬರೆದೆ. ಪಕ್ಕದಲ್ಲಿ ಶಿಕ್ಷಕಿ ಸಹಿ ಹಾಕಿದರು. ಆಮೇಲೆ ಪ್ರತಿ ಉತ್ತರವನ್ನೂ ಶೋಭಾಳ ದನಿಯಲ್ಲೇ ಓದಿ ಒಪ್ಪಿಸಿದೆ. ನಗಲಿಲ್ಲವಾದರೂ, "ಬರೋಬರ್," ಎನ್ನುತ್ತಿದ್ದಳು.

ನಾನು ಹೊರಡುವ ಹಿಂದಿನ ದಿನ ಫಲಿತಾಂಶ ಬಂತು. ಗಣಿತದಲ್ಲಿ ಎಪ್ಪತ್ತೆರಡು, ಶೋಭಾ ಏಳನೆಯ ತರಗತಿಗೆ ತೇರ್ಗಡೆ. ಸೀತಾಬರ್ಡಿ ಪೇಟೆಯಲ್ಲಿ ಕಿತ್ತಳೆ ಬರ್ಫಿ ಕೊಂಡು ವಾರ್ಡಿಗೆ ಹೋದೆ. ಅವಳು ಎಡಗೈಯಿಂದ ಏಳನೆಯ ತರಗತಿಯ ಪುಸ್ತಕಕ್ಕೆ ರಟ್ಟು ಹಾಕಲು ಒದ್ದಾಡುತ್ತಿದ್ದಳು. ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಮುಂದಿನ ವರ್ಷಾನೂ ಬರ್ಲೇನವ್ವಾ, ನಿನ್ನ ಪೇಪರ್ ಬರೀಲಿಕ್ಕೆ?"

ರಟ್ಟನ್ನು ನನ್ನ ಕೈಗೆ ತಳ್ಳಿ ಹೇಳಿದಳು:

"ಅಷ್ಟರಾಗ ನನ್ನ ಕೈ ಬರೋಬರ್ ಆಗಿರ್ತೈತಿ ಮಾಮಾ. ನೀವ ನಿಮ್ಮ ಗಣಿತಕ್ಕ ಕೂಡ್ರಿ, ನಾ ಬಂದು ಬರೀತೀನಿ. ನೀವು ಏನ್ ಹೇಳ್ತೀರಿ, ಅದನ್ನ ಹೇಳಿದಂಗ ಬರೀತೀನಿ."