ಚಿಕ್ಕಪ್ಪ ಕಡಲಿಗೆ ತಂದ ಕಾಯಿ

ಸಮುದ್ರಕ್ಕೆ ಹೋಗಿ ಬರೋಣ ಬಾ ಎಂದಾಗ ನಮ್ಮ ಚಿಕ್ಕಪ್ಪ ಕೇಳಿದ್ದು ಒಂದೇ ಮಾತು. "ನಾಯಿ ಬತ್ತದಾ?"

ಬರುತ್ತೆ ಅಂದೆ. ಅನ್ನದಿದ್ದರೆ ಅವನು ಪಂಚನಹಳ್ಳಿಯ ತೋಟ ಬಿಟ್ಟು ಕದಲುವ ಪೈಕಿಯಲ್ಲ. ಆ ಕೆಂಚು ನಾಯಿಯನ್ನು ಬಿಟ್ಟು ಅವನು ಉಣ್ಣುವುದಿಲ್ಲ, ಅವನನ್ನು ಬಿಟ್ಟು ಅದು ಉಣ್ಣುವುದಿಲ್ಲ. ಚಿಕ್ಕಮ್ಮನಂತೂ "ಇಬ್ರನ್ನೂ ಕರ್ಕೊಂಡೋಗು, ಎರಡು ದಿನ ನಂಗೂ ನೆಮ್ಮದಿ" ಎಂದು ಚೀಲ ತುಂಬಿಕೊಟ್ಟಳು.

ಕರೆದುಕೊಂಡು ಹೋಗುವುದಕ್ಕೆ ನನಗೆ ನನ್ನದೇ ಕಾರಣವಿತ್ತು. ಚಿಕ್ಕಪ್ಪ ನಮ್ಮ ಕಡೆ ಬೋರ್‌ವೆಲ್ಲಿಗೆ ಪಾಯಿಂಟ್ ನೋಡುವವನು. ಅಂಗೈ ಮೇಲೆ ಜುಟ್ಟಿರುವ ತೆಂಗಿನಕಾಯಿಯನ್ನು ಅಡ್ಡ ಮಲಗಿಸಿಕೊಂಡು ಬರಿಗಾಲಲ್ಲಿ ಹೊಲ ಸುತ್ತುತ್ತಾನೆ. ಕೆಳಗೆ ನೀರಿದ್ದರೆ ಕಾಯಿ ತಾನಾಗಿ ಎದ್ದು ನಿಲ್ಲುತ್ತದೆ. ಅಲ್ಲಿ ಕಲ್ಲಿಟ್ಟು ಬೋರ್ ಲಾರಿಗೆ ಹೇಳಿಕಳಿಸುತ್ತಾರೆ. ಹೋದ ಬೇಸಿಗೆಯಲ್ಲಿ ನಮ್ಮ ಹೊಲದಲ್ಲೂ ಅವನೇ ಜಾಗ ತೋರಿಸಿದ. ಕೊರೆಸಿದೆವು. ಬಂದದ್ದು ಬರೀ ಧೂಳು. ನಮ್ಮ ಯಜಮಾನರು ಒಂದು ಮಾತು ಆಡಲಿಲ್ಲ, ಬಾಯಿ ಜೋರಿರುವ ನಾನೂ ಆಡಲಿಲ್ಲ. ಆದರೂ ಅವತ್ತಿನಿಂದ ಚಿಕ್ಕಪ್ಪ ನಮ್ಮ ಮನೆ ಹೊಸಿಲು ತುಳಿದಿರಲಿಲ್ಲ. ಯುಗಾದಿಗೆ ಕರೆದರೆ ನೆಗಡಿ, ಗೌರಿಹಬ್ಬಕ್ಕೆ ಕರೆದರೆ ನಾಯಿಗೆ ಹುಷಾರಿಲ್ಲ. ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ಮನುಷ್ಯ ನೆಲದಲ್ಲಿ ಕೊರೆದ ಒಂದು ತೂತಿನ ಸಲುವಾಗಿ ದೂರವಾಗುವುದೆಂದರೇನು? ನನಗೆ ತುಂಬಾ ಸಂಕಟವಾಗಿತ್ತು.

ಸಾಲದ್ದಕ್ಕೆ ಸಿಂಗಟಗೆರೆಯ ರೈತರೊಬ್ಬರು ಅವನ ಬೆನ್ನು ಬಿದ್ದಿದ್ದರು. ಸೋಮವಾರ ಲಾರಿ ಬರುತ್ತೆ, ಪಾಯಿಂಟು ನೀನೇ ಮಾಡಬೇಕು ಅಂತ. ಬತ್ತೀನಿ ಅನ್ನಲು ಇವನಿಗೆ ಧೈರ್ಯವಿಲ್ಲ, ಬರಲ್ಲ ಅನ್ನಲು ನಾಲಿಗೆ ಏಳದು. "ಶನಿವಾರ ಹೇಳ್ತೀನಿ ಕಣಪ್ಪಾ" ಎಂದು ಜಾರಿಕೊಂಡಿದ್ದ. ಆ ಶನಿವಾರ ಬೆಳಕು ಹರಿಯುತ್ತಲೇ ನಾವು ಅವನನ್ನು ಕಾರಿಗೆ ಹತ್ತಿಸಿದ್ದೆವು.

ಹಿಂದಿನ ಸೀಟಿನ ಕಿಟಕಿ ತನ್ನದೆಂದು ನಾಯಿ ತೀರ್ಮಾನಿಸಿತು. ಕಡೂರು ದಾಟುವ ಹೊತ್ತಿಗೆ ನನ್ನ ತೊಡೆಯೂ ಅದರದ್ದೇ ಆಗಿತ್ತು. ತರೀಕೆರೆಯಲ್ಲಿ ಇಡ್ಲಿಗೆ ನಿಲ್ಲಿಸಿದರೆ ಅದು ಇಡ್ಲಿ ಮುಟ್ಟದೆ ವಡೆಗಾಗಿ ಕಣ್ಣಲ್ಲೇ ಬೇಡಿತು. ಚಿಕ್ಕಪ್ಪ ತನ್ನ ವಡೆ ಕೊಟ್ಟ, ಆಮೇಲೆ ಯಜಮಾನರದ್ದನ್ನೂ ಕೊಟ್ಟ. ಆ ವಡೆಗಳೆಲ್ಲ ತೀರ್ಥಹಳ್ಳಿ ದಾಟಿ ಘಾಟಿ ಇಳಿಯುವಾಗ ನನ್ನ ಹೊಸ ಚಪ್ಪಲಿಯ ಮೇಲೆ ವಾಪಸ್ಸು ಬಂದವು.

"ರೀ, ನಿಲ್ಸ್ರೀ ಗಾಡಿ!" ಎಂದು ನಾನು ಕಿರುಚಿದೆ. ಯಜಮಾನರು ನಗುತ್ತ ನಗುತ್ತ ಮುಂದಿನ ತಿರುವಿನವರೆಗೂ ನಿಲ್ಲಿಸಲೇ ಇಲ್ಲ. ಅಷ್ಟರಲ್ಲಿ ನನಗೂ ನಗು ತಡೆಯಲಾಗಲಿಲ್ಲ. ಉಳಿದ ದಾರಿ ಬರಿಗಾಲಲ್ಲಿ, ಹುಚ್ಚು ಹಿಡಿದವಳ ಹಾಗೆ ಹಾಡು ಹೇಳಿಕೊಂಡು ಹೋದೆ.

ಕುಂದಾಪುರದ ಆಚೆ ಒಂದು ಕಡೆ ರಸ್ತೆಯ ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ. ನಡುವೆ ನಮ್ಮ ಕಾರು. ನಾಯಿ ಆ ಕಿಟಕಿಗೊಮ್ಮೆ ಈ ಕಿಟಕಿಗೊಮ್ಮೆ ಹಾರಿ ನಮ್ಮೆಲ್ಲರನ್ನೂ ತುಳಿದುಹಾಕಿತು. ಚಿಕ್ಕಪ್ಪ ಮೊದಲ ಸಲ ಸಮುದ್ರ ನೋಡುತ್ತಿದ್ದ. ಬಾಯಿ ತೆರೆದವನು ಬಹಳ ಹೊತ್ತು ಮುಚ್ಚಲಿಲ್ಲ.

"ಅಯ್ಯಯ್ಯಪ್ಪಾ! ಇಷ್ಟು ನೀರು ಸುಮ್ನೆ ಬಿದ್ದೈತಲ್ಲೇ!" ಅಂದ. "ಒಂದು ಮೋಟ್ರೂ ಇಟ್ಟಿಲ್ಲ!"

ಕಡಲಂಚಿನಲ್ಲಿ ಹೆಂಗಸೊಬ್ಬರು ಮನೆಯ ಮುಂದೆಯೇ ನಾಲ್ಕು ಬೆಂಚು ಹಾಕಿ ಊಟ ಹಾಕುತ್ತಿದ್ದರು. ನಾಯಿಯನ್ನು ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಅಳುಕುತ್ತಾ ಕೇಳಿದರೆ, "ಅದಕ್ಕೂ ಹಸಿವು ಇರತ್ತಲ್ದಾ?" ಎಂದು ಮೊದಲು ಅದಕ್ಕೇ ನೀರಿಟ್ಟರು. ಬಂಗುಡೆ ಮೀನು ಹುರಿಯಲು, ಸಾರಿಗೆ ಅರೆಯಲು ಸ್ವಲ್ಪ ಹೊತ್ತಾಗುತ್ತೆ ಅಂದರು. ಮಸಾಲೆಯ ಘಮಕ್ಕೆ ನಾನು ಅಲ್ಲೇ ಜೊಲ್ಲು ಸುರಿಸುತ್ತಾ ಕೂತೆ. ತಿರುಗಿ ನೋಡುತ್ತೇನೆ, ಚಿಕ್ಕಪ್ಪನೂ ಇಲ್ಲ, ಅವನ ಚೀಲವೂ ಇಲ್ಲ.

ಮರಳಿನ ಮೇಲೆ ನಿಂತಿದ್ದ. ಚಪ್ಪಲಿ ಬಿಚ್ಚಿದ್ದ. ಚೀಲದಿಂದ ತೆಂಗಿನಕಾಯಿ ತೆಗೆದು ಅಂಗೈ ಮೇಲೆ ಮಲಗಿಸಿಕೊಂಡಿದ್ದ. ನಮ್ಮ ಬೋರು ಧೂಳಾದ ಮೇಲೆ ಅವನು ಕಾಯಿ ಹಿಡಿದದ್ದನ್ನು ನಾನು ನೋಡಿರಲಿಲ್ಲ. ಕೈಯಲ್ಲಿ ಇನ್ನೂ ಗುಣ ಉಳಿದಿದೆಯೋ ಇಲ್ಲವೋ ಪರೀಕ್ಷೆ ಮಾಡಲು ಸಮುದ್ರದವರೆಗೆ ಬಂದಿದ್ದಾನೆ ಮಹಾರಾಯ! ನಗು ಬಂತು. ಆದರೂ ಏಳಪ್ಪಾ, ಎದ್ದುಬಿಡು, ಎಂದು ಕಾಯಿಯನ್ನೇ ಬೇಡಿಕೊಂಡೆ.

ಏಳಲಿಲ್ಲ. ಅಲೆ ಬಂದು ಪಾದ ತೋಯಿಸಿತು, ಆಗಲೂ ಏಳಲಿಲ್ಲ. ಹೊಳೆಯ ಕಡೆ ತಿರುಗಿದ. ಕಾಯಿ ಮಾತ್ರ ಉಂಡು ಮಲಗಿದವರ ಹಾಗೆ ಮಲಗೇ ಇತ್ತು.

ಹಿಂದಿನಿಂದ ಆ ಹೆಂಗಸು ಸೌಟು ಹಿಡಿದುಕೊಂಡೇ ಬಂದರು. "ಎಂತ ಮಾರಾಯ್ರೆ, ಕಾಯಿ ಹಿಡ್ಕಂಡ್ ನಿಂತದ್ದ್?"

"ನೀರು ಹುಡುಕ್ತಾವ್ರೆ ಅಕ್ಕಾ," ಎಂದೆ ನಾನು.

"ನೀರಾ? ಸಮುದ್ರ ಕಣ್ಣಿಗೆ ಕಾಂತಿಲ್ಯಾ?" ಎಂದವರು ಸೊಂಟ ಹಿಡಿದುಕೊಂಡು ನಕ್ಕರು ನೋಡಿ, ನಾನು ಭೂಮಿಗಿಳಿದುಹೋದೆ. ಚಿಕ್ಕಪ್ಪನ ಮುಖ ಸಣ್ಣಗಾಯಿತು. ಕೈ ಇಳಿಬಿಟ್ಟ. ನಾಯಿ ಅದಕ್ಕೇ ಕಾದಿತ್ತೇನೋ. ಕಾಯಿಯ ಜುಟ್ಟು ಕಚ್ಚಿಕೊಂಡು ಓಟ ಕಿತ್ತಿತು.

"ಲೇ! ಲೇ ಕಳ್ಳ ಮುಂಡೇದೇ!"

ಚಿಕ್ಕಪ್ಪ ಓಡಿದ್ದನ್ನು ನಾನು ಯಾವತ್ತೂ ಕಂಡವಳಲ್ಲ. ಪಂಚೆ ಎತ್ತಿಕಟ್ಟಿ ಓಡಿದ. ನಾಯಿ ನೀರಿಗೆ ನುಗ್ಗಿತು, ಇವನೂ ನುಗ್ಗಿದ. ಅಲೆ ಇಬ್ಬರನ್ನೂ, ಕಾಯಿಯನ್ನೂ ಉರುಳಿಸಿ ದಡಕ್ಕೆ ಒಗೆಯಿತು. ಉಪ್ಪುನೀರು ಕುಡಿದು ನಾಯಿ ಸೀನಿತು, ಚಿಕ್ಕಪ್ಪನೂ ಸೀನಿದ. ಒದ್ದೆ ಮರಳಿನಲ್ಲಿ ಕೂತು ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಚಿಕ್ಕಪ್ಪ ನಗಲು ಶುರುಮಾಡಿದ. ಹೊಟ್ಟೆ ಕುಣಿಯುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ನಾನೂ ಯಜಮಾನರೂ ಪಕ್ಕದಲ್ಲೇ ಬಿದ್ದುಕೊಂಡು ನಕ್ಕೆವು.

ಪಾಯಿಂಟ್ ನೋಡಿದ ಕಾಯಿಯನ್ನು ನಮ್ಮಲ್ಲಿ ತಿನ್ನುವುದಿಲ್ಲ, ಅಮ್ಮನವರ ಮುಂದೆ ಒಡೆಯುತ್ತಾರೆ. ಚಿಕ್ಕಪ್ಪ ಅದನ್ನು ತೊಳೆದು ಆ ಹೆಂಗಸಿನ ಕೈಗಿಟ್ಟ. "ಸಾರಿಗೆ ಇದನ್ನೂ ಅರ್ದುಬಿಡವ್ವಾ," ಅಂದ.

ಏನು ಸಾರು ಅಂತೀರಿ! ಕುಚ್ಚಲಕ್ಕಿ ಅನ್ನ, ಕೆಂಪಗೆ ಕುದಿದ ಮೀನು ಸಾರು, ಚರ್ಮ ಗರಿಗರಿಯಾದ ಬಂಗುಡೆ. ಮಾತಿಲ್ಲದೆ ಬಾರಿಸಿದೆವು. ನಾಯಿ ಕಾಯಿಯ ಕರಟ ನೆಕ್ಕುತ್ತಾ ಬೆಂಚಿನ ಕೆಳಗೆ ಮಲಗಿತ್ತು. ಆಗ ಕಾರಿನಲ್ಲಿ ಬಿಟ್ಟಿದ್ದ ಚಿಕ್ಕಪ್ಪನ ಫೋನು ಬಡಿದುಕೊಂಡಿತು. ಸಿಂಗಟಗೆರೆಯವರು. ಯಜಮಾನರು ತಂದುಕೊಟ್ಟರು. ಚಿಕ್ಕಪ್ಪ ಎಡಗೈಲಿ ಹಿಡಿದುಕೊಂಡ.

"ನಾನು ಬರಲ್ಲ ಕಣಪ್ಪಾ. ನನ್ನ ಕೈಲಿ ಏನೂ ಇಲ್ಲ. ಸಮುದ್ರದ ಮುಂದೇನೇ ನಿಂತು ನೋಡ್ದೆ, ಏಳ್ಲಿಲ್ಲ. ಮಿಷನ್ನಿಟ್ಟು ನೋಡೋರ್ನ ಕರ್ಸು." ಅಷ್ಟು ಹೇಳಿ ಇಟ್ಟುಬಿಟ್ಟ.

ಒಂದು ತುತ್ತು ಕಲಸಿದ, ಬಾಯಿಗಿಡಲಿಲ್ಲ.

"ಅವತ್ತು ನಿಮ್ಮ ಹೊಲದಾಗೂ ಎದ್ದಿರ್ಲಿಲ್ಲ ಕಣವ್ವಾ," ಅಂದ. "ಎಲ್ಲಾ ಕಡೆ ಸುತ್ತಿದೆ. ನೀವಿಬ್ರೂ ಬಿಸಿಲಾಗೆ ನಿಂತು ನನ್ನ ಕೈಯನ್ನೇ ನೋಡ್ತಿದ್ರಿ. ಇಲ್ಲ ಅನ್ನಕ್ಕಾಗ್ಲಿಲ್ಲ. ನಾನೇ ಹೆಬ್ಬೆಟ್ಟಲ್ಲಿ ಎಬ್ಬಿಸ್ಬಿಟ್ಟೆ."

ಯಜಮಾನರು ಮೀನಿನ ಮುಳ್ಳು ಬಿಡಿಸುವುದನ್ನು ನಿಲ್ಲಿಸಿದರು. ನನಗೆ ಸಿಟ್ಟು ನೆತ್ತಿಗೇರಿತು, ಆದರೆ ಅದು ಬೋರಿನ ಮೇಲಿನ ಸಿಟ್ಟಲ್ಲ.

"ಇದಕ್ಕಾ ನೀನು ಒಂದು ವರ್ಷ ನಮ್ಮನೆಗೆ ಬರದೇ ಇದ್ದದ್ದು? ಧೂಳು ಬಂದ ದಿನ ನಾನು ಅತ್ತಿದ್ದು ನೀರಿಗಲ್ಲ ಚಿಕ್ಕಪ್ಪಾ. ಬಡಿಸಿಟ್ಟ ತಟ್ಟೆ ಬಿಟ್ಟು ಎದ್ದು ಹೋದ್ಯಲ್ಲ, ಅದಕ್ಕೆ!"

ಚಿಕ್ಕಪ್ಪ ಕಲಸಿದ ತುತ್ತು ತಿಂದ. ಇನ್ನೊಂದು ತಿಂದ. ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ತಳ್ಳಿದ.

"ಇನ್ನೊಂದೀಟು ಅನ್ನ ಹಾಕವ್ವಾ," ಅಂದ.