ಟೈಲರಕ್ಕ ಕೇಳಿದ ಉಪ್ಪುಸೊಳೆ

ಮೊನ್ನೆ ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದೆ. ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ಮುಳುಗಿದ್ದ ಹಲಸಿನ ಸೊಳೆಯ ಹುಳಿವಾಸನೆ ಮೂಗಿಗೆ ಬಡಿಯಿತು. ನಮ್ಮ ಗಡಿನಾಡಿನ ಪುತ್ತಿಗೆಯ ಕಡೆ ಆ ವಾಸನೆಗೆ ಬಾಯಲ್ಲಿ ನೀರೂರದವರು ಕಡಿಮೆ. ನಾನು ಮಾತ್ರ ಬಿಚ್ಚಿದ ಬಟ್ಟೆಯನ್ನೇ ಕೈಯಲ್ಲಿ ಹಿಡಿದು ನೋಡಿದೆ. ಆ ಬಟ್ಟೆಯನ್ನು ಹೊಲಿದುಕೊಟ್ಟವರು ಪಕ್ಕದ ಮನೆಯ ಟೈಲರಕ್ಕ. ದಾರ ಎಳೆದರೆ ಭರಣಿಯ ಕುತ್ತಿಗೆಗೆ ಬಿಗಿಯಾಗಿ ಕೂರುವ ಹಾಗೆ ಅಂಚು ಮಡಚಿ ಹೊಲಿದಿದ್ದರು. ಬಟ್ಟೆಯ ಬಣ್ಣ ಹೋಗಿದೆ, ಹೊಲಿಗೆ ಬಿಟ್ಟಿಲ್ಲ.

ಅವರ ಮನೆಯ ಜಗಲಿಯೇ ಅವರ ಅಂಗಡಿ. ಊರಿನ ಹೆಂಗಸರ ರವಕೆ, ಶಾಲೆಯ ಮಕ್ಕಳ ಯೂನಿಫಾರ್ಮ್ ಎಲ್ಲ ಅಲ್ಲಿಯೇ. ಓಣಂ ಹತ್ತಿರ ಬಂದರೆ ಕೆನೆಬಣ್ಣದ ರವಕೆಬಟ್ಟೆಗಳು ರಾಶಿ ಬೀಳುತ್ತಿದ್ದವು. ಅವರು ನನಗಿಂತ ದೊಡ್ಡವರಾದರೂ ನಾನು ಶಾಲೆಯಲ್ಲಿ ಕಲಿಸುವವಳೆಂದು ‘ಟೀಚರ್’ ಎಂದೇ ಕರೆಯುತ್ತಿದ್ದರು. ನಾನು ಹೇಳಿದ್ದಕ್ಕೆ ಅವರಲ್ಲಿ ಎದುರುಮಾತಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು...

ಒಂದು ವರ್ಷ ಅವರ ಮೈ ಕಪ್ಪಾಗತೊಡಗಿತು. ಮೊದಲು ಬೆರಳಿನ ಗೆಣ್ಣುಗಳು, ಮೊಣಕೈ, ಆಮೇಲೆ ಅಂಗೈಯ ಗೆರೆಗಳು. ಯಾವಾಗಲೋ ಕತ್ತರಿ ತಾಗಿ ಆಗಿದ್ದ ಹಳೆಯ ಗಾಯದ ಕಲೆಯೂ ಕಪ್ಪಾಯಿತು. ಮೆಷಿನಿನ ಎಣ್ಣೆ ಅಂದರು ಊರವರು. ನಾನೂ ಅಂದೆ. ಅವರು ಸೀಗೆಪುಡಿ ಹಾಕಿ ತಿಕ್ಕಿದರು, ಲಿಂಬೆಸಿಪ್ಪೆಯಲ್ಲಿ ಉಜ್ಜಿದರು. ಉಜ್ಜಿದಷ್ಟೂ ಗೆಣ್ಣುಗಳು ಇನ್ನಷ್ಟು ಕಪ್ಪಾದವು. ಕೆನ್ನೆ, ಹಣೆಗೂ ಬಂದಾಗ ಮಾತು ಬದಲಾಯಿತು. ಬಂಗು ಇರಬೇಕು, ಬಿಸಿಲಿಗೆ ಹೀಗಾಗುತ್ತದೆ ಎಂದರು. ಇಡೀ ದಿನ ಜಗಲಿಯ ನೆರಳಲ್ಲಿ ಮೆಷಿನ್ ತುಳಿಯುವವರಿಗೆ ಬಿಸಿಲು ಎಲ್ಲಿಂದ ತಾಗಬೇಕು? ಆಗ ಯಾರಿಗೂ ಹೊಳೆಯಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಯೋಚಿಸಿ ಉತ್ತರ ಬರೆಯಿರಿ ಎಂದು ಹೇಳುತ್ತಿದ್ದ ನನಗೂ ಹೊಳೆಯಲಿಲ್ಲ.

ಕೆನೆಬಣ್ಣದ ಬಟ್ಟೆ ತಂದ ಹೆಂಗಸೊಬ್ಬಳು ಒಮ್ಮೆ ಅವರ ಕೈ ನೋಡಿ, “ಅಕ್ಕ, ಕೈ ತೊಳೆದು ಮುಟ್ಟಿ ಆಯ್ತಾ, ಕಲೆ ಆದ್ರೆ ಹೋಗ್ಲಿಕ್ಕಿಲ್ಲ” ಅಂದಳು. ಟೈಲರಕ್ಕ ನಗುತ್ತಲೇ ಎದ್ದು ಹೋಗಿ ತೊಳೆದು ಬಂದರು. ಏಳುವಾಗ ಬಾಗಿಲ ದಾರಂದ ಹಿಡಿದು ಸ್ವಲ್ಪ ಹೊತ್ತು ಕಣ್ಣುಮುಚ್ಚಿ ನಿಂತರು. ಆ ದಿನಗಳಲ್ಲಿ ಅವರು ತಮ್ಮ ರವಕೆಗಳನ್ನೇ ಮತ್ತೆ ಮತ್ತೆ ಹೊಲಿಗೆ ಬಿಚ್ಚಿ ಚಿಕ್ಕದು ಮಾಡಿಕೊಳ್ಳುತ್ತಿದ್ದರು. ನಾನು ಅದನ್ನೂ ತಮಾಷೆ ಮಾಡಿದ್ದೆ, ನಮಗೂ ತೆಳ್ಳಗಾಗುವ ಗುಟ್ಟು ಹೇಳಿಕೊಡಿ ಎಂದು.

ದುಬಾಯಿಯಿಂದ ಬಂದ ಮೈದುನ ತಂದಿದ್ದ ಬಿಳಿಯಾಗುವ ಕ್ರೀಮಿನ ಡಬ್ಬಿಯಿಂದ ಅರ್ಧ ತೋಡಿ ಅವರಿಗೆ ಕೊಟ್ಟವಳೂ ನಾನೇ. ನಮ್ಮ ಕಡೆ ಅದೊಂದು ಮರ್ಯಾದೆ, ಗಲ್ಫಿನಿಂದ ಏನು ಬಂದರೂ ಆಚೀಚೆ ಮನೆಗೆ ಪಾಲು ಹೋಗಬೇಕು. ಕೆಲವು ದಿನ ಮುಖ ತಿಳಿಯಾದಂತೆ ಕಂಡಿತು. ಆಮೇಲೆ ಉರಿ, ಸಿಪ್ಪೆ ಏಳುವುದು, ಮೊದಲಿಗಿಂತ ಹೆಚ್ಚು ಕಪ್ಪು. “ನನ್ನ ಚರ್ಮಕ್ಕೆ ಯೋಗ ಇಲ್ಲ, ನಿಮ್ಮ ಕ್ರೀಮಿಗೆ ಎಂತ ದೋಷ ಟೀಚರ್” ಎಂದು ನನ್ನನ್ನೇ ಸಮಾಧಾನಪಡಿಸಿದರು.

ಇಷ್ಟರ ನಡುವೆ ಸಂಜೆಯಾದರೆ ಒಂದು ಪಿಂಗಾಣಿ ಬಟ್ಟಲು ಹಿಡಿದು ನಮ್ಮ ಹಿತ್ತಿಲ ಬಾಗಿಲಿಗೆ ಬರುತ್ತಿದ್ದರು. “ಸ್ವಲ್ಪ ಉಪ್ಪುಸೊಳೆ ಉಂಟಾ ಟೀಚರ್? ಬಾಯಿ ಸಪ್ಪೆ ಸಪ್ಪೆ.” ನಾವೆಲ್ಲ ಉಪ್ಪುಸೊಳೆಯನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಉಪ್ಪು ಬಿಡಿಸಿ ಪಲ್ಯ ಮಾಡುವವರು. ಅವರು ಹಾಗೆಯೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಬಟ್ಟಲಿನ ತಳದ ಉಪ್ಪುನೀರನ್ನೂ ಕುಡಿಯುತ್ತಿದ್ದರು. ಶಾಲೆಗೆ ಬಂದ ಆರೋಗ್ಯ ಕೇಂದ್ರದವರು ಉಪ್ಪು ತಿಂದರೆ ಬಿ.ಪಿ. ಏರುತ್ತದೆ ಎಂದು ತರಗತಿ ಮಾಡಿ ಹೋಗಿದ್ದರು. ಅದನ್ನು ಹಿಡಿದುಕೊಂಡು ನಾನು ಅವರಿಗೆ ಬೈದೆ. ಅವರು ಮತ್ತೂ ಬಂದಾಗ, ಒಳ್ಳೆಯದಕ್ಕೇ ಎಂದುಕೊಂಡು, ಸುಳ್ಳು ಹೇಳಿದೆ.

“ಭರಣಿ ಖಾಲಿ ಅಕ್ಕ.”

“ಹೌದಾ? ಹಾಗಾದ್ರೆ ಬಾಯಿಬಟ್ಟೆ ಕೊಡಿ ಟೀಚರ್, ಒಗೆದು ಹೊಸ ದಾರ ಹಾಕಿ ತರ್ತೇನೆ” ಎಂದರು.

ಕೊಡುವುದು ಹೇಗೆ? ಆ ಬಟ್ಟೆ ಇದ್ದದ್ದು ಸೊಳೆ ತುಂಬಿದ ಭರಣಿಯ ಬಾಯಿಯಲ್ಲಿ. ನಾಳೆ ಕೊಡ್ತೇನೆ ಎಂದೆ. ಅವರು ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಬೇಲಿಯ ಕಂಬ ಹಿಡಿಹಿಡಿದು ಮನೆಗೆ ಹೋದರು. ಮತ್ತೆ ಕೇಳಲು ಬರಲಿಲ್ಲ.

ಆ ಮಳೆಗಾಲದಲ್ಲಿ ಅವರಿಗೆ ಒಂದು ಜ್ವರ ಬಂತು. ಊರಿಗೆಲ್ಲ ಬಂದು ಹೋದ ಜ್ವರವೇ. ವಾಂತಿ ನಿಲ್ಲಲಿಲ್ಲ, ಮೈ ತಣ್ಣಗಾಯಿತು. ಗಂಡ ಜೀಪು ಮಾಡಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ವಾಪಸು ಕರೆತರಲಿಲ್ಲ... ಜ್ವರ ತಲೆಗೇರಿತು ಎಂದರು ಊರವರು. ನಾನೂ ಅದನ್ನೇ ನಂಬಿ ಅತ್ತು ಸುಮ್ಮನಾದೆ.

ಈ ವರ್ಷ ಮಗಳ ಕುತ್ತಿಗೆ ಕಪ್ಪಾಯಿತೆಂದು ಮಂಗಳೂರಿಗೆ ಕರೆದುಕೊಂಡು ಹೋದೆ. ಚರ್ಮದ ಡಾಕ್ಟರು ಕುತ್ತಿಗೆ ನೋಡಿದ ಮೇಲೆ ಅಂಗೈ ಬಿಡಿಸಿ ಗೆರೆ ನೋಡಿದರು, ತುಟಿ ಎತ್ತಿ ಒಸಡು ನೋಡಿದರು. “ತಲೆ ತಿರುಗ್ತದಾ? ಉಪ್ಪು ತಿನ್ಬೇಕು ಅಂತ ಆಸೆ ಆಗ್ತದಾ?”

ಮಗಳು ಇಲ್ಲವೆಂದಳು. ನನಗೆ ಟೈಲರಕ್ಕನ ಪಿಂಗಾಣಿ ಬಟ್ಟಲು ನೆನಪಾಯಿತು. ಮಗಳದ್ದು ತೂಕಕ್ಕೆ ಸಂಬಂಧಪಟ್ಟದ್ದು, ಶುಗರ್ ನೋಡಿಸಿ, ಕ್ರೀಮು ಬೇಡ, ತಿಕ್ಕುವುದು ಬಿಡಿ ಎಂದರು. ಉಪ್ಪಿನ ಮಾತು ಯಾಕೆ ಕೇಳಿದಿರಿ ಎಂದೆ. ಮೂತ್ರಪಿಂಡದ ಮೇಲೆ ಸಣ್ಣ ಗ್ರಂಥಿ ಇರುತ್ತದಂತೆ. ಅದು ಸೋತರೆ ಚರ್ಮ ಕಪ್ಪಾಗುತ್ತದೆ, ಮೈ ಇಳಿಯುತ್ತದೆ, ಉಪ್ಪು ಮೈಯಲ್ಲಿ ನಿಲ್ಲುವುದಿಲ್ಲ. ಸಣ್ಣ ಜ್ವರವೂ ಪ್ರಾಣಕ್ಕೆ ಬರಬಹುದು. “ಗೊತ್ತಾದ್ರೆ ಮಾತ್ರೆ ಉಂಟು, ದಿನಾ ತಗೊಂಡ್ರೆ ಆಯ್ತು” ಎಂದರು. ಟೈಲರಕ್ಕನ ಕಥೆ ಹೇಳಿದೆ. “ನೋಡದೆ ಹೇಗೆ ಹೇಳುವುದು? ಇರಬಹುದು” ಎಂದಷ್ಟೇ ಹೇಳಿ ಮುಂದಿನವರನ್ನು ಕರೆದರು. ಆ ‘ಇರಬಹುದು’ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಅವರ ಬಣ್ಣವನ್ನು ನಾವೆಲ್ಲ ಅಷ್ಟು ನೋಡಿದೆವು, ಅವರನ್ನು ಯಾರೂ ನೋಡಲಿಲ್ಲ.

ಮೊನ್ನೆ ಭರಣಿಯಿಂದ ಒಂದು ಸೊಳೆ ತೆಗೆದು, ನೀರಿಗೆ ಹಾಕದೆ ಹಾಗೆಯೇ ಬಾಯಿಗಿಟ್ಟೆ. ನಾಲಗೆ ಸುಟ್ಟ ಹಾಗಾಯಿತು, ನುಂಗಲಾಗದೆ ಉಗುಳಿದೆ. ಇದನ್ನು ಅವರು ಬಟ್ಟಲು ಹಿಡಿದು ಬೇಡಿದ್ದರು. ಅಂದು ನನ್ನ ಹಿಂದೆ ಭರಣಿ ಕುತ್ತಿಗೆಯವರೆಗೆ ತುಂಬಿತ್ತು.