ಹಸಿರಾಗಿಯೇ ಉಳಿದ ಸಾಲು

ದಪ್ಪ ಮಾನಿಟರ್‌ಗಳ ಕಾಲ. ಜೆ.ಪಿ. ನಗರದ ನಮ್ಮ ಕಚೇರಿಯಲ್ಲಿ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದೆವು. ಅದು ಸರಿಯಿದೆಯೇ ಎಂದು ತಾವಾಗಿಯೇ ಓಡಿ ನೋಡುವ ಟೆಸ್ಟ್‌ಗಳನ್ನು ಧಾರವಾಡದ ಕಡೆಯ ಹಿರಿಯ ಟೆಸ್ಟರ್ ಒಬ್ಬರು ಬರೆದು, ಗುಂಪು ಮಾಡಿ ತಲೆಬರಹ ಕೊಟ್ಟಿದ್ದರು: ‘ರೋಗಿಗೆ ಒಗ್ಗದ ಮಾತ್ರೆ ಬರೆದಾಗ’, ಅದರ ಕೆಳಗೆ, ‘ವೈದ್ಯರಿಗೆ ಎಚ್ಚರಿಕೆ ಕಾಣಬೇಕು’. ಕನ್ನಡಕ ಹಣೆಗೇರಿಸಿ, “ಓದಿದ್ರ ತಿಳೀಬೇಕ್ರೀ” ಎನ್ನುವುದು ಅವರ ಮಾತು. ನನಗೆ ಆ ತಲೆಬರಹಗಳ ಅಂದದ ಮೇಲೆಯೇ ಅನುಮಾನ.

ಒಂದು ಸಂಜೆ; ಮರುದಿನ ಸಾಫ್ಟ್‌ವೇರನ್ನು ಆಸ್ಪತ್ರೆಗೆ ಕಳಿಸಬೇಕಿತ್ತು. ಪರದೆಯ ಮೇಲೆ ಟೆಸ್ಟ್‌ಗಳ ಎಲ್ಲ ಸಾಲೂ ಹಸಿರು, ಅಂದರೆ ಪಾಸು.

“ಸಾರ್, ಹೋಟೆಲ್ ಬೋರ್ಡ್ ಚೆನ್ನಾಗಿದ್ರೆ ಒಳಗಡೆ ದೋಸೆನೂ ಚೆನ್ನಾಗಿರುತ್ತೆ ಅಂತ ಏನ್ ಗ್ಯಾರಂಟಿ?” ಎಂದೆ.

“ವಾದ ಯಾಕ್ರೀ, ಕೆಡಿಸಿ ನೋಡೂಣು” ಎಂದು, ಎಚ್ಚರಿಕೆ ಕೊಡುವ ಕೋಡನ್ನೇ ತೆಗೆದುಹಾಕಿ ಟೆಸ್ಟ್ ಓಡಿಸಿದರು. ಆ ಸಾಲು ಕೆಂಪಾಗಬೇಕಿತ್ತು. ಹಸಿರಾಗಿಯೇ ಉಳಿಯಿತು. ಅಷ್ಟು ಚೆಂದದ ಹೆಸರಿನ ಟೆಸ್ಟ್ ಒಳಗೆ ಏನನ್ನೂ ಪರೀಕ್ಷಿಸುತ್ತಿರಲಿಲ್ಲ.

ಕನ್ನಡಕ ಕೆಳಗಿಳಿಯಿತು. ಮ್ಯಾನೇಜರಿಗೆ ಫೋನ್ ಮಾಡಿ, “ನಾಳೆ ಕಳಸೂದ್ ಬ್ಯಾಡ್ರೀ. ನನ್ನ ಟೆಸ್ಟ್ ಸುಳ್ಳು ಹೇಳಾಕತ್ತೈತಿ” ಎಂದರು. ನಾನು ಗೆದ್ದ ಮುಖ ಮಾಡಿಕೊಳ್ಳುವ ಮೊದಲೇ ಎದ್ದು, ಕುರ್ಚಿಯನ್ನು ನನ್ನತ್ತ ತಳ್ಳಿದರು.

“ಉಳಿದಾವನ್ನ ನೀವ ಹಿಂಗ ಕೆಡಿಸಿ ನೋಡ್ರಿ. ನಾ ಬರದಾವು, ನನ್ನ ಕಣ್ಣಿಗೆ ಎಲ್ಲಾ ಛಲೋನ ಕಾಣ್ತಾವ.”